ಕೆಂಪಿಗೆ ಕೆಂಪು, ಹಳದಿಗೆ ಹಳದಿ

ಚಿಂತೆ ಮಾಡುವುದೂ ಒಂದು ಕಸುಬು. ಕೆಲವರಿಗೆ ಅದು ಬಿಡುವಿನ ವೇಳೆಯ ಹವ್ಯಾಸ. ನನಗೆ ಅದೇ ಪೂರ್ಣಾವಧಿ ಕೆಲಸ, ಹೊಟ್ಟೆಪಾಡಿಗೆ ಜೊತೆಯಲ್ಲಿ ಮೇಷ್ಟ್ರಗಿರಿಯನ್ನೂ ಇಟ್ಟುಕೊಂಡಿದ್ದೇನೆ. ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ಮನೆಗೆ ಬೀಗ ಹಾಕಿ ಅರ್ಧ ದಾರಿ ಹೋದಮೇಲೆ ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಬಂದು ನೋಡುವುದು, ನೋಡಿ ಹೋದಮೇಲೆ ನೋಡುವಾಗ ಎಳೆದಾಡಿದ್ದರಿಂದ ಬೀಗ ಸಡಿಲವಾಯಿತೇನೋ ಎಂದುಕೊಳ್ಳುವುದು, ಇವೆಲ್ಲ ನನ್ನ ದಿನಚರಿಯಲ್ಲಿ ಸೇರಿಹೋಗಿವೆ. ಒಮ್ಮೆ ಮಕ್ಕಳನ್ನು ಮಾಕಳಿದುರ್ಗಕ್ಕೆ ಕರೆದುಕೊಂಡು ಹೋಗಿದ್ದೆವು. ಹತ್ತುವಾಗ ಮೂರು ಸಲ ತಲೆ ಎಣಿಸಿದೆ, ಇಳಿದಮೇಲೆ ಐದು ಸಲ. ಪ್ರತಿ ಸಲವೂ ಒಂದು ತಲೆ ಹೆಚ್ಚಿಗೆ ಬರುತ್ತಿತ್ತು. ಯಾರ ಮಗುವನ್ನು ಕರೆತಂದುಬಿಟ್ಟೆವೋ ಎಂದು ಎದೆ ಹಿಡಿದುಕೊಂಡು ಕುಳಿತಿದ್ದವನಿಗೆ ಆ ಹೆಚ್ಚಿನ ತಲೆ ನನ್ನದೇ ಎಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು.

ನನ್ನ ಅಕ್ಕ ಜಯಮ್ಮ ಇದಕ್ಕೆ ತದ್ವಿರುದ್ಧ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಇದ್ದಾಳೆ. ನಲವತ್ತು ವರ್ಷ ಅವಳು ಕೆಚ್ಚುವ ಕೆಲಸ ಮಾಡಿದಳು. ಊರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಮಗ್ಗದಲ್ಲಿ ಒಂದು ಹಾಸು, ಅಂದರೆ ಸೀರೆಯ ಉದ್ದಕ್ಕೆ ಹಾಯುವ ನೂಲು, ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಇಟ್ಟು, ಬೂದಿ ಸವರಿದ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಸೇರಿಸಬೇಕು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಆ ತಪ್ಪು ಗೆರೆಯಾಗಿ ಕಾಣುತ್ತದೆ. ಅಷ್ಟು ಎಳೆ ಕೆಚ್ಚುತ್ತ ಕುಳಿತವಳಿಗೆ ಚಿಂತೆ ಮಾಡಲು ಎಷ್ಟು ಸಮಯವಿದ್ದಿರಬೇಕು ಎಂದು ನಾನು ಆಗಾಗ ಹೊಟ್ಟೆಕಿಚ್ಚುಪಟ್ಟದ್ದುಂಟು. ಅವಳು ಮಾತ್ರ ಆ ಸಮಯವನ್ನೆಲ್ಲ ರೇಡಿಯೋ ಕೇಳುವುದರಲ್ಲಿ ಹಾಳುಮಾಡಿದಳು.

ಕಳೆದ ವರ್ಷ ಅಕ್ಕನಿಗೆ ಕಾಯಿಲೆಯಾಯಿತು. ಅದರ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಇಲ್ಲಿಯೂ ಬೇಡ. ಮೂರು ವಾರಕ್ಕೊಮ್ಮೆಯಂತೆ ಆರು ಸಲ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರಬೇಕು ಎಂದರು ಡಾಕ್ಟರು. ಆರೂ ಆಗಲೇಬೇಕು, ನಡುವೆ ಬಿಡುವ ಹಾಗಿಲ್ಲ ಎಂದೂ ಹೇಳಿದರು. ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು, ಏಕೆಂದರೆ ಮನೆಯಲ್ಲಿ ಕಾರು ಇರುವುದು ನನ್ನದೊಂದೇ. ಅದಕ್ಕೆ ಹದಿನೆಂಟು ವರ್ಷ. ಡ್ಯಾಶ್‌ಬೋರ್ಡಿನಲ್ಲಿ ಕಂಪನಿಯವರೇ ಕೂರಿಸಿದ್ದ ರೇಡಿಯೋ ಸೆಟ್ಟು ಮೊದಲನೆಯ ಸಲ ಹೋಗಿಬರುವವರೆಗೆ ಹಾಡಿತು, ಮನೆಯ ಗೇಟಿನ ಮುಂದೆ ಒಮ್ಮೆ ಗೊರಕೆ ಹೊಡೆದು ನಿಂತುಹೋಯಿತು. ಎರಡನೆಯ ಮತ್ತು ಮೂರನೆಯ ಸಲ ಕಾರಿನಲ್ಲಿ ಸದ್ದಿಲ್ಲ. ಸದ್ದಿಲ್ಲದ ಕಡೆ ನಾನು ಮಾತಾಡುತ್ತೇನೆ. ಇಪ್ಪತ್ತಾರು ವರ್ಷದ ಅಭ್ಯಾಸ.

ಏನು ಮಾತಾಡಿದೆ ಎಂದು ಈಗ ನೆನೆದರೆ ನನಗೇ ನಾಚಿಕೆ. ಔಷಧಿಯಿಂದ ಆಗಬಹುದಾದ ತೊಂದರೆಗಳನ್ನು ಮೊಬೈಲಿನಲ್ಲಿ ಓದಿಕೊಂಡಿದ್ದೆ, ಅವನ್ನು ಒಂದೊಂದಾಗಿ ವಿವರಿಸಿದೆ. ಯಾವ ಸಿಗ್ನಲ್ಲಿನಲ್ಲಿ ಗಾಡಿ ಕೆಟ್ಟು ನಿಂತರೆ ಯಾವ ಆಟೋ ಸಿಗಬಹುದು ಎಂದು ಹೇಳಿದೆ. ಮೇಲ್ಸೇತುವೆ ಬಂದಾಗ ಮೇಲ್ಸೇತುವೆಗಳ ಬಗ್ಗೆ ಹೇಳಿದೆ. ಮೂರನೆಯ ಸಲ ಹಿಂದಿರುಗಿದಾಗ ಅಕ್ಕ ಜಗಲಿಯ ಮೇಲೆ ಕುಳಿತು ನೀರು ಕುಡಿದು ಶಾಂತವಾಗಿ ಹೇಳಿದಳು: “ನಾನಿನ್ನು ಬರಲ್ಲ ಕಣೋ ನಾಗು.”

“ಯಾಕಕ್ಕ?”

“ಸೂಜಿ ತಡ್ಕೋತೀನಿ. ವಾಂತಿ ತಡ್ಕೋತೀನಿ. ನೀನು ಯಲಹಂಕದಿಂದ ಹೆಬ್ಬಾಳದ ತನಕ ಆಡೋ ಮಾತು ಮಾತ್ರ ತಡ್ಕೊಳಕ್ಕಾಗಲ್ಲ. ಅದಕ್ಕಿಂತ ಕಾಯ್ಲೆನೇ ವಾಸಿ.”

ನನ್ನ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ನಮ್ಮ ಕಡೆ ವಾಸಿ ಎಂಬ ಮಾತಿಗೆ ಎರಡು ಅರ್ಥ. ರೋಗ ಗುಣವಾಗುವುದೂ ವಾಸಿ, ಇದಕ್ಕಿಂತ ಅದು ಮೇಲು ಎನ್ನುವುದೂ ವಾಸಿ. ಕಾಯಿಲೆ ವಾಸಿಯಾಗಲಿ ಎಂದು ಕರೆದುಕೊಂಡು ಹೋದವನಿಗೆ ಕಾಯಿಲೆಯೇ ವಾಸಿ ಎಂಬ ಉತ್ತರ ಸಿಕ್ಕರೆ ಅವನು ಏನು ಮಾಡಬೇಕು?

“ಆ ರೇಡಿಯೋ ಸರಿಮಾಡ್ಸು, ಬರ್ತೀನಿ. ಇಲ್ದಿದ್ರೆ ಇಲ್ಲ,” ಎಂದು ಅಕ್ಕ ಎದ್ದಳು. ಏಳುವಾಗ ಲೋಟ ಕೈಯಿಂದ ಜಾರಿತು. ಔಷಧಿ ಶುರುವಾದ ಮೇಲೆ ಅವಳ ಬೆರಳ ತುದಿಗಳು ಜೋಮುಹಿಡಿದಿದ್ದವು. ಹದಿನೈದು ದಿನದ ಹಿಂದೆ ಪಕ್ಕದ ಮನೆಯ ಮಗ್ಗಕ್ಕೆ ಹೋಗಿ ಕೆಚ್ಚಲು ಕುಳಿತು, ಎಳೆ ಬೆರಳಿಗೆ ಸಿಗದೆ ಎದ್ದು ಬಂದಿದ್ದಳಂತೆ. ನನಗೆ ಹೇಳಿರಲಿಲ್ಲ. ಬರುವುದಿಲ್ಲ ಎನ್ನುವುದಕ್ಕೆ ಅವಳಿಗೆ ಬೇರೆ ಕಾರಣಗಳೂ ಇದ್ದವು, ನನ್ನ ಮಾತು ಅವುಗಳಲ್ಲಿ ಹೇಳಲು ಸುಲಭವಾದದ್ದು ಎಂದು ನನಗೆ ಆಗ ಅರ್ಥವಾಯಿತು. ಅವಳು ಒಂದು ಸಲ ಬೇಡ ಎಂದರೆ ಬೇಡವೇ. ನಾದಿನಿಯೊಬ್ಬಳು ಕಾಫಿಗೆ ಸಕ್ಕರೆ ಹೆಚ್ಚು ಹಾಕಿಕೊಳ್ಳುತ್ತೀಯ ಎಂದದ್ದಕ್ಕೆ ಹನ್ನೊಂದು ವರ್ಷ ಕಾಫಿಯನ್ನೇ ಮುಟ್ಟದವಳು. ಸೆಟ್ಟು ಹಾಕಿಸಬೇಕು, ನಾಲ್ಕನೆಯ ಸಲದ ಬುಧವಾರದ ಒಳಗೆ ಹಾಕಿಸಬೇಕು. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಚಿಂತೆಗೆ ಒಂದು ಗುರಿ ಸಿಕ್ಕಿತ್ತು.

ಎಲ್ಲಿ ಹಾಕಿಸುವುದು ಎಂದು ಚಿಂತಿಸುವುದರಲ್ಲೇ ಎರಡು ವಾರ ಕಳೆದು, ಆ ಬುಧವಾರಕ್ಕೆ ನಾಲ್ಕು ದಿನ ಇರುವಾಗ ಬಸ್‌ಸ್ಟ್ಯಾಂಡಿನ ಹಿಂದಿನ ನಯಾಜನ ಅಂಗಡಿಗೆ ಹೋದೆ. ಗಾಡಿಗಳಿಗೆ ಸೆಟ್ಟು, ಸ್ಪೀಕರು, ಹಾರನ್ನು ಹಾಕುತ್ತಾನೆ. ನನ್ನ ಹಳೆಯ ವಿದ್ಯಾರ್ಥಿ. ಕಾರನ್ನು ನೋಡಿ, ಸೆಟ್ಟನ್ನು ನೋಡಿ, ಕೊನೆಗೆ ನನ್ನನ್ನು ನೋಡಿದ.

“ವೈರೆಲ್ಲ ಒಟ್ಟಿಗೆ ಸಿಕ್ಕಿಸೋ ಕಪ್ಲರ್ ಈ ಗಾಡಿಗೆ ಈಗ ಬರ್ತಾ ಇಲ್ಲ ಮೇಷ್ಟ್ರೆ. ಫ್ರೇಮೂ ಸಿಗಲ್ಲ. ವೈರು ಕಟ್ ಮಾಡಿ ಒಂದೊಂದೇ ಜೋಡಿಸ್ಬೇಕು. ಶುಕ್ರವಾರ ತನ್ನಿ, ಮಾಡ್ಕೊಡ್ತೀನಿ. ಇವತ್ತು ಸಂಜೆ ಹೊಸಕೋಟೆಗೆ ಹೋಗ್ತಾ ಇದೀನಿ, ತಂಗಿ ಮದುವೆ.”

“ಬುಧವಾರದೊಳಗೆ ಆಗ್ಬೇಕಲ್ಲಪ್ಪ.”

“ಅರೆ, ಹಂಗಾದ್ರೆ ನೀವೇ ಹಾಕ್ಕೊಳಿ. ನಮಗೆಲ್ಲ ಕರೆಂಟ್ ಪಾಠ ಮಾಡಿದ್ದು ನೀವೇ ತಾನೆ?” ಎಂದು ನಯಾಜ ಹೊಸ ಸೆಟ್ಟನ್ನು ಕವರಿಗೆ ಹಾಕಿದ. ನಾನು ಅವನಿಗೆ ವಿಜ್ಞಾನದಲ್ಲಿ ಮೂವತ್ತೆಂಟು ಕೊಟ್ಟಿದ್ದೆ. ಅವನು ಮರೆತಿರಲಿಲ್ಲ.

ಭಾನುವಾರ ಬೆಳಗ್ಗೆ ಕೆಲಸಕ್ಕೆ ಕೂತೆ. ಮೊದಲು ಬ್ಯಾಟರಿಯ ವೈರು ಬಿಚ್ಚಿದೆ. ಬಿಚ್ಚಿದ್ದೇನೆಯೇ ಎಂದು ಮೂರು ಸಲ ಬಾನೆಟ್ ಎತ್ತಿ ನೋಡಿದೆ. ಹಳೆಯ ಸೆಟ್ಟು ಎರಡು ಪಕ್ಕದಲ್ಲೂ ಯಾವುದೋ ಕೊಕ್ಕೆಗೆ ಸಿಕ್ಕಿಕೊಂಡು ಕುಳಿತಿತ್ತು. ಮೆಲ್ಲಗೆ ಎಳೆದರೆ ಬರಲಿಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ರೀ, ಅದು ಹಲ್ಲಲ್ಲ, ಹಂಗೆ ಕೀಳ್ಬೇಡಿ,” ಎಂದಳು. ಆ ಮಾತು ಮುಗಿಯುವಷ್ಟರಲ್ಲಿ ಬಂತು. ಸೆಟ್ಟು ನನ್ನ ಮಡಿಲಲ್ಲಿ, ಪ್ಲಾಸ್ಟಿಕ್ಕಿನ ಎರಡು ಚೂರು ಕಾಲ ಬಳಿ, ಡ್ಯಾಶ್‌ಬೋರ್ಡಿನ ತೂತಿನಿಂದ ಹನ್ನೊಂದು ಬಣ್ಣದ ವೈರು ಕರುಳಿನ ಹಾಗೆ ಹೊರಗೆ. ಹೊಸ ಸೆಟ್ಟಿನ ಹಿಂದೆ ಹದಿನಾಲ್ಕು. ಯಾವುದು ಯಾವುದಕ್ಕೆ, ಮತ್ತು ಮಿಕ್ಕ ಆ ಮೂರು ಯಾರವು? ಬೋರ್ಡಿನ ಮೇಲೆ ನಾನು ಬರೆದ ವಿದ್ಯುತ್ ಮಂಡಲಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಯಾವಾಗಲೂ ಒಂದು ಬ್ಯಾಟರಿ, ಒಂದು ಸ್ವಿಚ್ಚು, ಒಂದು ಬಲ್ಬು ಮಾತ್ರ ಇರುತ್ತಿದ್ದವು, ಮತ್ತು ಬಲ್ಬು ತಪ್ಪದೆ ಉರಿಯುತ್ತಿತ್ತು. ಇಲ್ಲಿ ಏನು ಉರಿಯುತ್ತದೋ ಗೊತ್ತಿಲ್ಲ. ಕಾರು ಉರಿದುಹೋದರೆ ಬುಧವಾರದ ಗತಿಯೇನು ಎಂದು ಎರಡು ಗಂಟೆ ಹೊತ್ತು ಆ ತೂತನ್ನೇ ನೋಡುತ್ತ ಕುಳಿತೆ.

ಅಕ್ಕ ಕೋಲೂರಿಕೊಂಡು ಬಂದಳು. ಪಕ್ಕದ ಸೀಟಿನಲ್ಲಿ ಕುಳಿತು ಎರಡು ಕಟ್ಟು ವೈರುಗಳನ್ನೂ ನೋಡಿದಳು.

“ಇದೇನೋ, ಕೆಚ್ಚೋದು ತಾನೆ?”

“ಇದು ಕರೆಂಟು ಅಕ್ಕ.”

“ಮಗ್ಗ ಏನು ಎಣ್ಣೇಲಿ ಓಡ್ತದಾ? ಹೋಗು, ದೇವರ ಮನೇಲಿ ವಿಭೂತಿ ಅದೆ, ತಗೊಂಬಾ.”

ತಂದೆ. ಅವಳು ಬೆರಳಿಗೆ ಸವರಿಕೊಂಡಳು. ವೈರಿಗೆ ವಿಭೂತಿ ಬೇಕಾಗಿಲ್ಲ ಎಂದು ವಿಜ್ಞಾನದ ಮೇಷ್ಟ್ರಾಗಿ ನಾನು ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಕೆಲಸ ವೈರಿನ ತುದಿಯ ಸಿಪ್ಪೆ ಸುಲಿದು ಕೊಡುವುದು, ಅವಳು ಹೊಸೆದ ಮೇಲೆ ಟೇಪು ಸುತ್ತುವುದು. ಯಾವುದಕ್ಕೆ ಯಾವುದು ಎಂಬ ವಿಷಯದಲ್ಲಿ ಅವಳಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. “ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಸೀರೆ ಅಂಚಲ್ಲಿ ಯಾವಳಾದ್ರೂ ಹಳದಿ ಎಳೆಗೆ ಕೆಂಪು ಕೆಚ್ತಾಳೇನೋ?” ಆ ಕಡೆ ಹಸಿರು, ಈ ಕಡೆ ಇನ್ನೊಂದು ಹಸಿರು ಬಂದಾಗ ಬೆಳಕಿಗೆ ಹಿಡಿದು, “ಇದು ಗಿಣಿ ಹಸಿರು, ಅದು ರಾಮಾ ಗ್ರೀನು. ಇರ್ಲಿ, ತೊಳೆದ ಮೇಲೆ ಎರಡೂ ಒಂದೇ ಆಗ್ತವೆ,” ಎಂದಳು. ಮಿಕ್ಕ ಮೂರರ ಬಗ್ಗೆ ಕೇಳಿದೆ. “ಮಿಕ್ಕಿದ್ದು ಮಿಕ್ಲಿ. ಅಂಚಲ್ಲಿ ನಾಲ್ಕು ಎಳೆ ಮಿಗದೇ ಇರೋ ಹಾಸು ನಾನು ಕಂಡಿಲ್ಲ.”

ಆರನೆಯದೋ ಏಳನೆಯದೋ ಹೊಸೆಯುವಾಗ ಅಕ್ಕ ನಿಧಾನವಾದಳು. ಬೆರಳು ನೋಯುತ್ತಿರಬಹುದು, ಸಾಕು ಎನ್ನೋಣ ಎಂದುಕೊಂಡೆ. ಅವಳು ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. “ನೂಲು ಸಿಗ್ತಿರ್ಲಿಲ್ಲ ಕಣೋ,” ಎಂದಳು. “ಇದು ದಪ್ಪ. ಸಿಗ್ತದೆ.” ಆಮೇಲೆ ಮತ್ತೆ ಹೊಸೆದಳು. ನಾನು ಸಿಪ್ಪೆ ಸುಲಿದು ಕೊಡುತ್ತಲೇ ಇದ್ದೆ. ಅಲ್ಲಿಂದ ಎಲ್ಲ ಮುಗಿಯುವವರೆಗೆ ನಾನು ಒಂದು ಮಾತೂ ಆಡಲಿಲ್ಲ ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿದ್ದೇನೆ.

ಹೊಸ ಸೆಟ್ಟು ಆ ತೂತಿಗಿಂತ ಚಿಕ್ಕದು. ಸುತ್ತ ಸಂದು. ಅಕ್ಕನ ಕೋಣೆಯ ಅಟ್ಟದ ಮೇಲೆ ಹಳೆಯ ಜಕಾರ್ಡಿನ ಅಟ್ಟೆಗಳಿದ್ದವು, ಸೀರೆಯ ಸೆರಗಿಗೆ ನವಿಲಿನ ಚಿತ್ರ ಮೂಡಿಸುವ, ಸಾಲುಸಾಲು ತೂತು ಹೊಡೆದ ರಟ್ಟುಗಳು. ಅವನ್ನು ಕತ್ತರಿಸಿ ನಾಲ್ಕು ಕಡೆಯೂ ತುರುಕಿ ಸೆಟ್ಟನ್ನು ಬಿಗಿ ಮಾಡಿದೆವು. ಹೀಗಾಗಿ ನಮ್ಮ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಈಗ ಅರ್ಧ ನವಿಲು ಇದೆ.

ಬ್ಯಾಟರಿ ಜೋಡಿಸಿ, ನೀರಿನ ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕೀ ತಿರುಗಿಸಿದೆ. ವಿದ್ಯುತ್ತಿನ ಬೆಂಕಿಗೆ ನೀರು ಹಾಕಬಾರದು ಎಂದು ಎಂಟನೆಯ ತರಗತಿಗೆ ಪ್ರತಿ ವರ್ಷ ಹೇಳುವವನೂ ನಾನೇ. ಸೆಟ್ಟು ಹಾಡಿತು. ಕೀ ತೆಗೆದು ಮತ್ತೆ ಹಾಕಿದೆ. ಹಾಡಲಿಲ್ಲ. ಗಡಿಯಾರ ಒಂದು ಗಂಟೆ ತೋರಿಸಿತು, ನಾವು ಹುಡುಕಿಟ್ಟಿದ್ದ ಸ್ಟೇಷನ್ನು ಮಾಯವಾಗಿತ್ತು. ಮತ್ತೆ ಹುಡುಕಿದೆವು, ಮತ್ತೆ ಕೀ ತೆಗೆದೆ, ಮತ್ತೆ ಒಂದು ಗಂಟೆ. ನಯಾಜನಿಗೆ ಫೋನ್ ಮಾಡಿದೆ. ಹಿಂದೆ ಮದುವೆಯ ಗದ್ದಲ.

“ಕೆಂಪು ಹಳದಿ ಹೆಂಗೆ ಕೊಟ್ರಿ ಮೇಷ್ಟ್ರೆ?”

“ಕೆಂಪಿಗೆ ಕೆಂಪು, ಹಳದಿಗೆ ಹಳದಿ.”

ಅವನು ಸ್ವಲ್ಪ ಹೊತ್ತು ನಕ್ಕ. “ನಿಮ್ಮ ಗಾಡೀಲಿ ಅದು ಉಲ್ಟಾ. ಸೆಟ್ಟಿನ ಹಳದಿಗೆ ಯಾವಾಗ್ಲೂ ಕರೆಂಟ್ ಇರ್ಬೇಕು, ಅದು ನೆನಪಿನ ವೈರು. ಈಗ ಕೀ ತೆಗೆದ್ರೆ ಅದಕ್ಕೆ ಕರೆಂಟ್ ನಿಂತೋಗುತ್ತೆ, ಎಲ್ಲ ಮರ್ತುಬಿಡುತ್ತೆ. ಎರಡೇ ವೈರು, ಬಿಚ್ಚಿ ಅದಲುಬದಲು ಮಾಡಿ. ಐದು ನಿಮಿಷದ ಕೆಲಸ.”

ಟೇಪು ಬಿಚ್ಚಲು ಕೈ ಹಾಕಿದೆ. ಅಕ್ಕ ಕೈ ಹಿಡಿದಳು. “ನಾನು ಕೆಚ್ಚಿದ್ದನ್ನ ಇಲ್ಲೀ ತನಕ ಯಾರೂ ಬಿಚ್ಚಿಲ್ಲ. ಹಂಗೇ ಇರ್ಲಿ ಬಿಡು. ಕೀ ತೆಗೆದ ತಕ್ಷಣ ಎಲ್ಲ ಮರೀತದಲ್ಲ, ಎಷ್ಟು ಒಳ್ಳೆ ಗುಣ. ನಿಂಗೂ ಹಂಗೆ ಎರಡು ವೈರು ತಿರುಗಿಸಿ ಕೆಚ್ಚೋ ಹಂಗಿದ್ರೆ ಮಾಡ್ಬಿಡ್ತಿದ್ದೆ.”

ಬುಧವಾರ ಅಕ್ಕ ಬಂದಳು. ಯಾರೂ ಕರೆಯುವ ಮೊದಲೇ ಕಾರಿನಲ್ಲಿ ಕುಳಿತಿದ್ದಳು. ಗೇಟಿನಿಂದ ಹೊರಟವಳು ಸ್ಟೇಷನ್ನು ಹುಡುಕುತ್ತ ಹೋದಳು. ಗುಂಡಿ ತಿರುಗಿಸುವ ಕೆಲಸ ಅವಳದ್ದೇ. ಹಾಡು, ಕೃಷಿ ಮಾತು, ಪ್ರದೇಶ ಸಮಾಚಾರ, ಗೊರಗೊರ, ಮತ್ತೆ ಹಾಡು. ಪೆಟ್ರೋಲು ಉಳಿಸಲೆಂದು ಸಿಗ್ನಲ್ಲಿನಲ್ಲಿ ನಾನು ಕೀ ತೆಗೆದರೆ ಸೆಟ್ಟು ಎಲ್ಲ ಮರೆತು ಒಂದು ಗಂಟೆಗೆ ಹೋಗುತ್ತಿತ್ತು. ಅಕ್ಕ ನನ್ನನ್ನು ಬೈದು ಮೊದಲಿನಿಂದ ಹುಡುಕುತ್ತಿದ್ದಳು. ಐದನೆಯ ಸಲವೂ ಹೀಗೆಯೇ. ಆ ಎರಡು ಪ್ರಯಾಣಗಳಲ್ಲಿ ನನ್ನ ಚಿಂತೆಗಳು ಬಾಯಿಯವರೆಗೆ ಬಂದು ಜಾಹೀರಾತಿಗೆ ದಾರಿಬಿಟ್ಟು ಹಿಂದೆ ಸರಿದವು.

ಆರನೆಯದು ಕೊನೆಯದು. ಆ ದಿನ ಔಷಧಿ ಏರಿಸುವ ಮೊದಲು, ಹಿಂದಿನ ವಾರ ಮಾಡಿದ ಪರೀಕ್ಷೆಗಳನ್ನು ನೋಡಿ ಮಾತಾಡುತ್ತೇನೆ ಎಂದಿದ್ದರು ಡಾಕ್ಟರು. ಹೆಬ್ಬಾಳದ ಹತ್ತಿರ ವಾಹನಗಳು ನಿಂತುಬಿಟ್ಟವು. ಸೆಟ್ಟಿನಲ್ಲಿ ಒಳ್ಳೆಯ ಹಾಡೇ ಬರುತ್ತಿತ್ತು. ಅಕ್ಕ ಕೈ ಚಾಚಿ ಅದನ್ನು ಆರಿಸಿದಳು. ಗಾಜಿನಿಂದಾಚೆ ನೋಡುತ್ತ, “ಏನಾದ್ರೂ ಮಾತಾಡೋ,” ಎಂದಳು.

ನನಗೆ ಮಾತೇ ಹೊರಡಲಿಲ್ಲ. ಆಡಬಾರದೆಂದು ಇಷ್ಟು ದಿನ ನುಂಗಿಟ್ಟುಕೊಂಡದ್ದೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಎಲ್ಲ ಸರಿಹೋಗುತ್ತದೆ ಎನ್ನಬಹುದಿತ್ತು. ಅದು ನನ್ನ ಬಾಯಿಂದ ಬಂದರೆ ಅವಳು ನಿಜವಾಗಿಯೂ ಹೆದರುತ್ತಿದ್ದಳು. ಮುಂದಿನ ಬಸ್ಸು ಒಂದು ಮಾರು ಸರಿಯಿತು, ನಾವೂ ಸರಿದೆವು.

“ಅಕ್ಕ,” ಎಂದೆ, “ಎಡಗಡೆ ಹಿಂದಿನ ಚಕ್ರದಲ್ಲಿ ಏನೋ ಸದ್ದು ಬರ್ತಾ ಇದೆ ಅನ್ಸುತ್ತೆ. ಬೇರಿಂಗ್ ಹೋಗಿದ್ರೂ ಹೋಗಿರ್ಬಹುದು. ಮೇಲ್ಸೇತುವೆ ಮೇಲೆ ಚಕ್ರ ಕಳಚಿಕೊಂಡ್ರೆ…”

“ಹ್ಞೂಂ,” ಎಂದಳು ಅಕ್ಕ. ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. “ಇದೇ ವಾಸಿ.”

ಯಾವ ವಾಸಿ ಎಂದು ನಾನು ಕೇಳಲಿಲ್ಲ. ಡಾಕ್ಟರು ಕಾಗದಗಳನ್ನೆಲ್ಲ ತಿರುವಿಹಾಕಿ ಸದ್ಯಕ್ಕೆ ಪರವಾಗಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಸದ್ಯಕ್ಕೆ ಎಂಬ ಮಾತನ್ನು ಅವಳು ಆಸ್ಪತ್ರೆಯ ಮೆಟ್ಟಿಲಲ್ಲೇ ಮರೆತಳು, ನಾನು ಮನೆಗೆ ಹೊತ್ತುಕೊಂಡು ಬಂದೆ. ಇನ್ನು ಆ ಚಕ್ರದ ಸದ್ದು. ಅಂದು ಅಂಥದ್ದೇನೂ ಇರಲಿಲ್ಲ. ಮಾತು ಸಿಗದೆ ಬಾಯಿಗೆ ಬಂದದ್ದನ್ನು ಹೇಳಿದ್ದೆ. ಆದರೆ ಆ ದಿನದಿಂದ ನನಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿದೆ, ಎಡಗಡೆ, ಹಿಂದೆ. ನಾಳೆ ಗ್ಯಾರೇಜಿಗೆ ತೋರಿಸಬೇಕು.