ಎಲೆಕೋಸಿನ ಕೋಶಪೊರೆಗೆ ನಿವೃತ್ತ ಸುಂಕದವನ ದೂರು

ಮಾನ್ಯರೇ,

ಮೊಕ್ಪೊ ಬಂದರಿನ ಸುಂಕದ ಕಟ್ಟೆಯಲ್ಲಿ ಮೂವತ್ತೊಂದು ವರ್ಷ ಕೂತು, ಒಳಬರುವುದನ್ನೂ ಹೊರಹೋಗುವುದನ್ನೂ ತಡೆದು ತೆರೆದು ನಿವೃತ್ತನಾದ ನಾನು, ಅದೇ ವೃತ್ತಿಯಲ್ಲಿರುವ ತಮಗೆ, ಅಂದರೆ ಕಳೆದ ನವೆಂಬರಿನಲ್ಲಿ ನನ್ನ ಪಾಲಿಗೆ ಬಂದ ಇಪ್ಪತ್ತು ಎಲೆಕೋಸುಗಳ ಕೋಶಕೋಶವನ್ನೂ ಸುತ್ತಿಕೊಂಡಿದ್ದ ಪೊರೆಗಳಿಗೆ, ಕಿರಿಯ ಸಹೋದ್ಯೋಗಿಯ ಎಲ್ಲ ವಿನಯದಿಂದ ನಮಸ್ಕರಿಸುತ್ತೇನೆ.

ತಮ್ಮ ಕಚೇರಿಯ ಗೋಡೆ ಕೂದಲೆಳೆಯ ಹತ್ತು ಸಾವಿರದಲ್ಲೊಂದು ಪಾಲು ದಪ್ಪವಂತೆ, ಅದೂ ಎರಡು ಪದರ ಕೊಬ್ಬಿನದಂತೆ. ಆದರೂ ನೀರನ್ನು ಸಲೀಸಾಗಿ ಬಿಟ್ಟು, ಸಕ್ಕರೆಗೆ ಅದರದೇ ಬಾಗಿಲು ತೋರಿಸಿ, ಉಪ್ಪನ್ನು ಹೊರಗೇ ನಿಲ್ಲಿಸುವ ತಮ್ಮ ದಕ್ಷತೆಯನ್ನು ಗ್ರಂಥಾಲಯದ ಪುಸ್ತಕದಲ್ಲಿ ಓದಿದಾಗ, ಲಂಚವೆಂಬ ಮಾತೇ ಬಾರದ ಇಲಾಖೆಯೊಂದು ಲೋಕದಲ್ಲಿದೆಯೆಂದು ನನಗೆ ಸಮಾಧಾನವಾಯಿತು.

ದೂರು ಇಷ್ಟೇ. ನಮ್ಮ ವಸತಿ ಕಟ್ಟಡದ ಹೆಂಗಸರು ಪ್ರತಿ ಚಳಿಗಾಲದ ಮೊದಲು ಅಂಗಳದಲ್ಲಿ ಒಟ್ಟಾಗಿ ಎಲೆಕೋಸಿನ ಖಾರದ ಉಪ್ಪಿನಕಾಯಿಯಾದ ಕಿಮ್ಚಿ ಹಾಕುತ್ತಾರೆ. ನಲ್ಲಿಯಿಂದ ಮೂರನೆಯ ಬೋಗುಣಿ ನನ್ನ ಹೆಂಡತಿ ಇಮ್-ಸುನ್‌ಳದು. ಮಾರ್ಚಿನಲ್ಲಿ ಆಕೆ ತೀರಿಕೊಂಡಳು. ಆ ಜಾಗ ನನಗಿರಲಿ ಎಂದು ಕೇಳಿದೆ. ಹಿರಿಯರಾದ ಬಾಂಗ್ ಅಜ್ಜಿ, "ಕೋಸು ಉಪ್ಪಲ್ಲಿ ನೆನೆಸೋಕೆ ಬರುತ್ತೇನಪ್ಪಾ ಸಾಹೇಬ್ರೆ? ಬೆಳಿಗ್ಗೆ ದಂಟು ಬೆರಳಿಗೆ ಸುತ್ತಿಕೊಂಡ್ರೆ ಜಾಗ ನಿಮ್ದು, ಮುರಿದ್ರೆ ಏಳನೇ ಮಹಡಿಯವಳದು" ಎಂದರು.

ನಾನು ಸರ್ಕಾರಿ ಮನುಷ್ಯ. ಎಲ್ಲ ಎಲೆಗೂ, ತುದಿಯಿಂದ ಬುಡದವರೆಗೆ, ಸಮನಾಗಿ ಉಪ್ಪು ಹಂಚಿದೆ. ಬೆಳಿಗ್ಗೆ ನೋಡಿದರೆ ತುದಿಯಲ್ಲಿದ್ದ ತಾವು ಇದ್ದ ನೀರನ್ನೆಲ್ಲ ಹೊರಬಿಟ್ಟು ಬಾಡಿ ಮಲಗಿದ್ದಿರಿ, ದಪ್ಪ ದಂಟಿನಲ್ಲಿದ್ದ ತಾವು ಏನೂ ಆಗಿಲ್ಲವೆಂಬಂತೆ ಸೆಟೆದು ನಿಂತಿದ್ದಿರಿ. ಅಜ್ಜಿ ಬಗ್ಗಿಸಿದರು, ಟಕ್ಕೆಂದು ಮುರಿಯಿತು. "ಅಯ್ಯೋ, ಉಪ್ಪು ಹಾಕೋದು ದಂಟಿನ ಸಂದಿಗೆ ಕಣ್ರೀ! ಎಲೆಗೆ ಅದರ ಗಾಳಿ ತಾಗಿದ್ರೆ ಸಾಕು. ನಿಮ್ಮೋಳು ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳಿಕೊಡ್ಲಿಲ್ವಾ?"

ಹೇಳಿಕೊಡಲಿಲ್ಲ, ಮಾನ್ಯರೇ. ಇಪ್ಪತ್ತೊಂಬತ್ತು ವರ್ಷ ಆಕೆ ನನ್ನನ್ನು ಆ ಅಂಗಳದ ಹತ್ತಿರ ಸೇರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಜ್ಜಿ ಬೈಯುತ್ತಲೇ ದಂಟಿನ ಸಂದಿಗಳಿಗೆ ಹಿಡಿ ಹಿಡಿ ಉಪ್ಪು ತುರುಕಿದರು. ಮಧ್ಯಾಹ್ನ ಮತ್ತೊಂದು ದಂಟು ತೆಗೆದು ಬೆರಳಿಗೆ ಸುತ್ತಿ, ಇಮ್-ಸುನ್‌ಳ ಕೆಂಪು ರಬ್ಬರ್ ಕೈಗವಸುಗಳನ್ನು ನನ್ನ ಮುಂದೆ ಎಸೆದರು. ಆಮೇಲೆ ಬೆಳ್ಳುಳ್ಳಿ, ಖಾರ, ಸಿಗಡಿಯ ಉಪ್ಪುರಸ ಎಲ್ಲವೂ ಸಲೀಸಾಗಿ ಒಳಗೆ ಹೋದವು. ಪುಸ್ತಕದ ಪ್ರಕಾರ ಅಷ್ಟು ಹೊತ್ತಿಗೆ ತಾವು ಸತ್ತಿದ್ದಿರಿ. ಕಾವಲಿರುವವರೆಗೆ ರುಚಿಗೆ ಪ್ರವೇಶವಿಲ್ಲವಂತೆ.

ಆದುದರಿಂದ ನನ್ನ ಬೇಡಿಕೆ: ಮುಂದಿನ ವರ್ಷದಿಂದ, ಯಾರೂ ಸಾಯಬೇಕಾಗಿಲ್ಲದೆ ಒಳಗೆ ಬರಲು ಅನುವಾಗುವಂತೆ, ಅರ್ಜಿ ಕೊಡುವ ಒಂದು ಕಿಟಕಿಯನ್ನು ತಾವು ತೆರೆಯಬೇಕು. ನಾನು ಎಷ್ಟು ದೊಡ್ಡ ಸಾಲಿನಲ್ಲಾದರೂ ನಿಲ್ಲುತ್ತೇನೆ.

ಮೂರನೆಯ ಬೋಗುಣಿಯ ಬಳಿಯಿಂದ,
ತಮ್ಮ ವಿಶ್ವಾಸಿ
ಮಾ ಸಾಂಗ್-ದೊಕ್

ತಾ.ಕ.: ಕೈಗವಸು ತೊಡುವಾಗ ನನ್ನ ಕಣ್ಣಿನ ವಿಭಾಗದಲ್ಲಿರುವ ತಮ್ಮ ಬಂಧುಗಳು ಅನುಮತಿಯಿಲ್ಲದೆ ಉಪ್ಪುನೀರನ್ನು ಹೊರಬಿಟ್ಟರು. ದಯವಿಟ್ಟು ವಿಚಾರಣೆ ನಡೆಸಿ. ಬಾಂಗ್ ಅಜ್ಜಿ ಎಲ್ಲರಿಗೂ ಕೇಳುವಂತೆ "ಮೆಣಸಿನ ಪುಡಿ ಘಾಟು" ಎಂದು ಹೇಳಿ ವಿಷಯ ಮುಚ್ಚಿಹಾಕಿದರು. ಮೆಣಸಿನ ಚೀಲವನ್ನು ಆಗಿನ್ನೂ ಬಿಚ್ಚಿರಲಿಲ್ಲ.