ಮೂಗು ನಂಬದ ನೀರು

ಈ ಕತೆಯನ್ನು ಮೊದಲು ಹೇಳಿದವರು ವೈರಿಂಗ್ ಕೆಲಸದ ಒಬ್ಬ ಹಿರಿಯರು. ಹೇಳಿದ್ದು ಬೇಸಿಗೆ ಮುಗಿಯುತ್ತಿದ್ದ ಒಂದು ಭಾನುವಾರ, ಕ್ಷೌರದಂಗಡಿಯ ಉದ್ದ ಬೆಂಚಿನ ಮೇಲೆ, ತಮ್ಮ ಸರತಿಗೆ ಕಾಯುತ್ತ. ಕೇಳಲು ಕುಳಿತವರು ಆರು ಮಂದಿ. ಕತ್ತರಿ ಹಿಡಿದು ನಿಂತಿದ್ದ ಕ್ಷೌರಿಕ ಏಳನೆಯವನು. ಇದೇ ಕತೆಯನ್ನು ಮುಂದೆ ಬೇರೆಯವರ ಬಾಯಲ್ಲಿ ಕೇಳಿದಾಗ ಮಗುವಿನ ವಯಸ್ಸು ಒಂದು ತಿಂಗಳು ಹೆಚ್ಚಾಗಿತ್ತು, ಕಪ್ಪೆ ಒಂದಿದ್ದದ್ದು ಮೂರಾಗಿತ್ತು. ಇಲ್ಲಿ ಮೊದಲು ಕೇಳಿದ ಲೆಕ್ಕವನ್ನೇ ಉಳಿಸಿಕೊಳ್ಳಲಾಗಿದೆ: ಮಗುವಿಗೆ ಎಂಟು ತಿಂಗಳು, ಕಪ್ಪೆ ಒಂದೇ.

ನಲವತ್ತು ಮನೆಗಳ ಒಂದು ವಸತಿ ಸಮುಚ್ಚಯದಲ್ಲಿ ಒಂದು ಈಜುಕೊಳವಿತ್ತು. ಅದನ್ನು ನೋಡಿಕೊಳ್ಳುವವನನ್ನು ಎಲ್ಲರೂ ಕೊಳದಣ್ಣ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಅವನು ದಿನವೂ ಕ್ಲೋರಿನ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಆ ನೀರಿಗೆ ಸುರಿದಿದ್ದ. ಅದರ ವಾಸನೆ ಅವನ ಅಂಗಿಯನ್ನು ದಾಟಿ ಚರ್ಮಕ್ಕೆ, ಚರ್ಮವನ್ನು ದಾಟಿ ಸ್ವಭಾವಕ್ಕೇ ಇಳಿದಂತಿತ್ತು. ಅವನು ಬೀದಿಯ ತಿರುವಿಗೆ ಬರುವ ಮೊದಲೇ ಹೆಂಡತಿ ಮನೆಯ ಬಾಗಿಲು ತೆರೆದಿಡುತ್ತಿದ್ದಳು, ಪ್ರೀತಿಯಿಂದಲ್ಲ, ಗಾಳಿಯಾಡಲೆಂದು.

ಎರಡು ತಿಂಗಳ ಹಿಂದೆ ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಳು. ಅಜ್ಜ ಎತ್ತಿಕೊಂಡರೆ ಮಗು ಅಳುತ್ತಿರಲಿಲ್ಲ. ಅವನ ಕಾಲರನ್ನು ಮುಷ್ಟಿಯಲ್ಲಿ ಹಿಡಿದು, ಮೂಗನ್ನು ಅದರೊಳಗೆ ತೂರಿಸಿ, ಕಣ್ಣರಳಿಸಿ ಸೀನುತ್ತಿತ್ತು. ಮೂರನೆಯ ಸೀನಿಗೆ ಸರಿಯಾಗಿ ಅಜ್ಜಿ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು.

"ಮೂರಾಯ್ತು, ಕೊಡಿ ಈಚೆ! ಮಗೂನ ಏನು ಕೊಳ ಅಂದ್ಕೊಂಡ್ರಾ, ಔಷಧಿ ಹಾಕಿ ತೊಳೆಯೋಕೆ?"

ಹೀಗೆ ಕೊಳದಣ್ಣನ ಅಜ್ಜತನಕ್ಕೆ ಮೂರು ಸೀನುಗಳ ಗಡುವು ಬಿದ್ದಿತ್ತು. ಅವನಿಗಿದ್ದ ಆಸೆ ದೊಡ್ಡದಲ್ಲ. ಮೊಮ್ಮಗಳು ಒಮ್ಮೆ ತನ್ನ ಎದೆಯ ಮೇಲೆ ನಿದ್ದೆ ಹೋಗಬೇಕು. ಅವಳ ಬಾಯಿಯ ಜೊಲ್ಲು ತನ್ನ ಅಂಗಿಯನ್ನು ನೆನೆಸಬೇಕು. ಅಷ್ಟೇ.

ಆದ್ದರಿಂದ ನಿವಾಸಿಗಳ ಸಂಘ ಕ್ಲೋರಿನ್ ಬಳಕೆ ತಗ್ಗಿಸಲು ತಾಮ್ರದ ಯಂತ್ರ ತರಿಸುವುದೆಂದು ತೀರ್ಮಾನಿಸಿದ ದಿನ ಅವನ ಕಾಲು ನೆಲಕ್ಕೆ ತಾಕಲಿಲ್ಲ. ಯಂತ್ರವೆಂದರೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ, ತೊಡೆಗಾತ್ರದ ಒಂದು ಕೊಳವೆ, ಕೊಳವೆಯೊಳಗೆ ಎರಡು ತಾಮ್ರದ ದಿಂಡು. ನೀರು ಆ ದಿಂಡುಗಳ ನಡುವೆ ಹರಿಯುವಾಗ ಸಣ್ಣಗೆ ವಿದ್ಯುತ್ ಹಾಯುತ್ತದೆ. ತಾಮ್ರ ಕಣ್ಣಿಗೆ ಕಾಣದಷ್ಟು ಕರಗಿ ನೀರಿಗೆ ಸೇರುತ್ತದೆ. ಪಾಚಿ ಹುಟ್ಟುವುದಿಲ್ಲ, ಕ್ರಿಮಿ ಉಳಿಯುವುದಿಲ್ಲ. ಕ್ಲೋರಿನ್ ಮೊದಲಿನ ಹತ್ತನೇ ಒಂದು ಪಾಲು ಹಾಕಿದರೆ ಸಾಕು; ಅದು ಮೂಗಿಗೆ ತಿಳಿಯುವುದೇ ಇಲ್ಲ.

ಯಂತ್ರ ಕೂರಿಸಲು ಬಂದ ವೈರಿಂಗ್ ಹಿರಿಯರನ್ನು ಕೊಳದಣ್ಣ ಕೇಳಿದ್ದು ಒಂದೇ ಪ್ರಶ್ನೆ.

"ಇದಕ್ಕೆ ವಾಸನೆ ಇದೆಯಾ?"

"ತಾಮ್ರಕ್ಕೆ ಎಂಥಾ ವಾಸನೆನಪ್ಪ?"

ಕೊಳದಣ್ಣ ಅವರನ್ನು ಬಿಗಿದಪ್ಪಿಕೊಂಡ. ಹಿರಿಯರು ಸೀನಿದರು.

ಪಂಪಿನ ಕೋಣೆಯಲ್ಲಿ ಇಬ್ಬರೂ ಸೇರಿ ಸೋಸುವ ಪೀಪಾಯಿಯ ಆಚೆ ಪೈಪನ್ನು ಕತ್ತರಿಸಿ, ತಾಮ್ರದ ಕೊಳವೆಯನ್ನು ನಡುವೆ ಜೋಡಿಸಿ, ಪೆಟ್ಟಿಗೆಯನ್ನು ಗೋಡೆಗೆ ಬಿಗಿದರು. ಮೂರು ದಿನ ಕೊಳಕ್ಕೆ ಯಾರನ್ನೂ ಬಿಡದೆ ಯಂತ್ರ ಓಡಿಸಿದ್ದಾಯಿತು. ಹಳೆಯ ಕ್ಲೋರಿನ್ ಬಿಸಿಲಿಗೆ ಆರಿ ಹೋಯಿತು. ಕೊಳದಣ್ಣ ಗಂಟೆಗೊಮ್ಮೆ ಗಾಜಿನ ಕೊಳವಿಯಲ್ಲಿ ನೀರು ಹಿಡಿದು, ಐದು ಹನಿ ಔಷಧಿ ಬಿಟ್ಟು, ಬಣ್ಣವನ್ನು ಕಾರ್ಡಿನ ಬಣ್ಣಗಳಿಗೆ ಹೋಲಿಸುತ್ತಿದ್ದ. ಮದುವೆಗೆ ಸೀರೆ ಆರಿಸುವವರೂ ಬಣ್ಣವನ್ನು ಅಷ್ಟು ಹೊತ್ತು ನೋಡುವುದಿಲ್ಲ.

ನಾಲ್ಕನೆಯ ದಿನ ಕೊಳ ತೆರೆಯಬೇಕು. ಮರುದಿನ ಬೆಳಗಿನ ಬಸ್ಸಿಗೆ ಮಗಳು ಮಗುವನ್ನು ಕರೆದುಕೊಂಡು ತನ್ನ ಮನೆಗೆ ಹೊರಡಬೇಕು. ಕತೆ ನಡೆದದ್ದು ಆ ಒಂದು ದಿನ.

ಬೆಳಗ್ಗೆ ಏಳಕ್ಕೆ ಈಜುವವರೆಲ್ಲ ಟವೆಲು ಹೆಗಲಿಗೇರಿಸಿ ಬಂದರು. ನೀರು ತಳದ ಹೆಂಚುಗಳ ನಡುವಣ ಗೆರೆಗಳನ್ನು ಎಣಿಸುವಷ್ಟು ತಿಳಿಯಾಗಿತ್ತು. ಎಲ್ಲರಿಗೂ ಮೊದಲು ಇಳಿಯುವವರು ನರ್ಸಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಅವರು ಏಣಿಯ ಎರಡು ಮೆಟ್ಟಿಲು ಇಳಿದು, ನಿಂತು, ಗಾಳಿಯನ್ನು ಎಳೆದುಕೊಂಡು, ಎರಡು ಮೆಟ್ಟಿಲು ಹತ್ತಿದರು.

"ಕೊಳದಣ್ಣ, ನೀರಿಗೆ ಏನೂ ಹಾಕಿಲ್ವಾ?"

"ಯಂತ್ರ ಹಾಕಿದೀವಲ್ಲಮ್ಮ."

"ಯಂತ್ರ ಸರಿ. ವಾಸನೆ ಎಲ್ಲಿ?"

"ವಾಸನೆ ಇಲ್ಲಮ್ಮ. ಅದೇ ಅದರ ಗುಣ."

"ಮೂವತ್ತು ವರ್ಷ ವಾರ್ಡಲ್ಲಿ ಕೆಲಸ ಮಾಡಿದೀನಿ. ವಾಸನೆ ಇಲ್ದೇ ಇದ್ರೆ ಅದು ತೊಳೆದಿಲ್ಲ ಅಂತಲೇ ಅರ್ಥ," ಎಂದು ನರ್ಸಮ್ಮ ಟವೆಲನ್ನು ಮತ್ತೆ ಸುತ್ತಿಕೊಂಡರು.

ಟೋಪಿ ಮಾವ ಎಂಬೊಬ್ಬರಿದ್ದರು. ತಲೆಯಲ್ಲಿ ಕೂದಲಿಲ್ಲದಿದ್ದರೂ ರಬ್ಬರಿನ ಟೋಪಿಯಿಲ್ಲದೆ ನೀರಿಗಿಳಿದವರಲ್ಲ. ಅವರು ಬಗ್ಗಿ ಬೆರಳು ಅದ್ದಿ ಮೂಸಿದರು. "ಬರೀ ನೀರು!" ಎಂದರು, ಹಾಲಿನ ಪಾತ್ರೆಯಲ್ಲಿ ನೀರನ್ನು ಕಂಡವರಂತೆ.

ಕೊಳದಣ್ಣ ಗಾಜಿನ ಕೊಳವಿಯನ್ನು ತಂದು ತೋರಿಸಿದ. "ನೋಡಿ ಮಾವ, ಬಣ್ಣ ಕಾರ್ಡಿಗೆ ಸರಿಯಾಗಿ ಕೂತಿದೆ."

"ಅದ್ಯಾಕೆ ಅದು ನೀಲಿ? ನಾನು ನೀಲಿ ನೀರಲ್ಲಿ ಈಜಬೇಕಾ?"

"ಹನಿ ಹಾಕಿದ್ಮೇಲೆ ನೀಲಿ, ಮಾವ. ಕೊಳ ನೀಲಿ ಇಲ್ಲ."

"ಕೊಳ ಯಾವತ್ತಿಂದಲೂ ನೀಲಿನೇ ಇದೆಯಲ್ಲೋ!"

"ಅದು ಹೆಂಚು, ಮಾವ."

"ಕರೆಂಟು ಬೇರೆ ಇದೆಯಂತೆ ನೀರಲ್ಲಿ," ಎಂದು ಹಿಂದಿನಿಂದ ಯಾರೋ ಅಂದರು. ನಾಲ್ಕು ಜೊತೆ ಕಾಲುಗಳು ಅಂಚಿನಿಂದ ಹಿಂದೆ ಸರಿದವು.

ಮಾತು ಸೋತಾಗ ಮೈಯನ್ನೇ ಸಾಕ್ಷಿಗೆ ನಿಲ್ಲಿಸುವುದೆಂದು ಕೊಳದಣ್ಣ ತೊಟ್ಟ ಬಟ್ಟೆಯಲ್ಲೇ ನೀರಿಗೆ ಧುಮುಕಿದ. ಒಂದು ಸುತ್ತು ಈಜಿ, ಮೇಲಕ್ಕೆ ಬಂದು, ತೊಟ್ಟಿಕ್ಕುತ್ತ ಎರಡೂ ಕೈ ಚಾಚಿ ನಿಂತ. "ಏನಾಯ್ತು ನನಗೆ? ನೋಡಿ!"

ಎಲ್ಲರೂ ಅವನನ್ನು ಮೇಲಿಂದ ಕೆಳಗೆ ನೋಡಿದರು. ಟೋಪಿ ಮಾವ ತೀರ್ಪು ಕೊಟ್ಟರು: "ನಿನಗೇನಾಗುತ್ತೋ? ಹದಿನೆಂಟು ವರ್ಷ ಔಷಧಿಯಲ್ಲಿ ನೆಂದಿದೀಯ. ನಿನ್ನ ಹತ್ರ ಕ್ರಿಮಿ ಬಂದ್ರೆ ಕ್ರಿಮಿ ಸಾಯುತ್ತೆ."

ಅಷ್ಟರಲ್ಲಿ ಗಿಡಗಳ ಸಾಲಿನಿಂದ ಒಂದು ಕಪ್ಪೆ ನೆಗೆದು ನೀರಿಗೆ ಬಿತ್ತು. ಎಲ್ಲರೂ ಉಸಿರು ಬಿಗಿ ಹಿಡಿದು ನೋಡಿದರು. ಕಪ್ಪೆ ಕಾಲು ಚಾಚಿ ಉದ್ದಕ್ಕೂ ಈಜಿ, ಆಚೆಯ ಅಂಚಿನಲ್ಲಿ ವಿಶ್ರಮಿಸಿ, ಮತ್ತೆ ಈಚೆ ಬಂತು.

"ನೋಡಿದ್ರಾ!" ಎಂದ ಕೊಳದಣ್ಣ, ಗೆದ್ದವನಂತೆ. "ಅದಕ್ಕೇನಾದ್ರೂ ಆಯ್ತಾ?"

"ಅದಕ್ಕೆ ಏನೂ ಆಗ್ಲಿಲ್ಲ," ಎಂದರು ನರ್ಸಮ್ಮ ಗಂಭೀರವಾಗಿ. "ಕಪ್ಪೆಗೇ ಏನೂ ಮಾಡದ ನೀರು ಕ್ರಿಮಿಗೆ ಏನು ಮಾಡುತ್ತೆ?"

"ಕಪ್ಪೆ ಸತ್ತಿದ್ರೆ?"

"ಸತ್ತಿದ್ರೆ ವಿಷ ಅಂತ ಗೊತ್ತಾಗ್ತಿತ್ತು."

ಕೊಳದಣ್ಣ ಬಲೆಯಲ್ಲಿ ಕಪ್ಪೆಯನ್ನು ಹಿಡಿದು ಗಿಡಕ್ಕೆ ಬಿಟ್ಟ. ಆ ಬೆಳಗ್ಗೆ ಅವನನ್ನು ನಂಬಿದ ಜೀವ ಅದೊಂದೇ ಆಗಿತ್ತು.

ಹತ್ತು ಗಂಟೆಗೆ ಸಂಘದ ಅಧ್ಯಕ್ಷರು ಬಂದರು. ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು; ಈಗಲೂ ನಿಂತಲ್ಲೇ ಹಾಜರಿ ಕರೆಯುವಂತೆ ಮಾತನಾಡುತ್ತಿದ್ದರು. ಖಾಲಿ ಕೊಳವನ್ನೂ ದಂಡೆಯ ಮೇಲಿನ ಒಣ ಜನರನ್ನೂ ನೋಡಿ ಅವರು ಕೈಗಡಿಯಾರವನ್ನು ನೋಡಿದರು.

"ಯಂತ್ರ ಇರೋದು ಜನಕ್ಕಾಗಿ. ಜನ ಇಳಿಯದ ಕೊಳಕ್ಕೆ ಯಂತ್ರ ಯಾಕೆ? ಸಂಜೆ ಐದಕ್ಕೆ ಬರ್ತೀನಿ. ಹತ್ತು ಜನ ನೀರಲ್ಲಿರಬೇಕು. ಇಲ್ಲಾಂದ್ರೆ ನಾಳೆ ಯಂತ್ರ ವಾಪಸ್ಸು, ಕ್ಲೋರಿನ್ ಡ್ರಮ್ಮು ಒಳಗೆ. ತಿಳೀತಾ?"

"ತಿಳೀತು ಸಾರ್," ಎಂದ ಕೊಳದಣ್ಣ. ಡ್ರಮ್ಮು ಒಳಗೆ ಬಂದರೆ ಮೊಮ್ಮಗಳು ಹೊರಗೆ ಎಂಬುದೂ ಅವನಿಗೆ ತಿಳಿದಿತ್ತು. ಈ ಸಲ ಮಾತ್ರವಲ್ಲ. ಅವಳು ಮತ್ತೆ ಬರುವ ಪ್ರತಿ ರಜೆಯಲ್ಲೂ.

ಮಧ್ಯಾಹ್ನವೆಲ್ಲ ಅವನು ಪಂಪಿನ ಕೋಣೆಯ ಹೊಸ್ತಿಲ ಮೇಲೆ ತಲೆಗೆ ಕೈ ಹೊತ್ತು ಕುಳಿತ. ಬಟ್ಟೆ ಬಿಸಿಲಿಗೆ ಒಣಗಿತು. ತೋಳನ್ನು ಮೂಸಿ ನೋಡಿಕೊಂಡ, ಏನೂ ಇಲ್ಲ. ಇಡೀ ಮೈ ಮೊಮ್ಮಗಳಿಗೆ ಸಿದ್ಧವಾಗಿತ್ತು. ಕೊಳವೊಂದೇ ಹಟ ಹಿಡಿದಿತ್ತು. ಮೂರು ಗಂಟೆಗೆ ವೈರಿಂಗ್ ಹಿರಿಯರು ತಂತಿಯ ಜೋಡಣೆ ನೋಡಲು ಬಂದು ಸಂಗತಿಯೆಲ್ಲ ಕೇಳಿದರು.

"ಯಂತ್ರದಲ್ಲಿ ದೋಷ ಇಲ್ಲ," ಎಂದರು ಅವರು, ಮೀಟರು ಒಳಗಿಡುತ್ತ. "ನೀರಲ್ಲೂ ಇಲ್ಲ. ಈ ಜನಕ್ಕೆ ಕಣ್ಣು ಮೂಗಿನ ತುದೀಲಿದೆ. ನೀನು ನೀರು ತೊಳೆದೆ, ಅವರ ಮೂಗು ತೊಳೀಲಿಲ್ಲ."

ಹಿರಿಯರು ಹೋದರು. ಮಾತು ಉಳಿಯಿತು. ಕೊಳದಣ್ಣ ಎದ್ದು, ಮೂಲೆಯ ಹಳೆಯ ಡ್ರಮ್ಮಿನ ತಳದಲ್ಲಿ ಉಳಿದಿದ್ದ ಪುಡಿಯನ್ನು ಕೆರೆದು ಬಕೆಟ್ಟಿಗೆ ಹಾಕಿ ಕಲಸಿದ. ನೀರಿಗೆ ಒಂದು ಹನಿಯೂ ಬೀಳಬಾರದು. ಬಿದ್ದರೆ ಕಾರ್ಡಿನ ಲೆಕ್ಕ ತಪ್ಪುತ್ತದೆ. ನೆಲ ಒರೆಸುವ ನಾಲ್ಕು ಹಳೆಯ ಬಟ್ಟೆಗಳನ್ನು ಅದರಲ್ಲಿ ಅದ್ದಿ, ಬರಿಗೈಯಲ್ಲೇ ಹಿಂಡಿ, ಒಂದನ್ನು ಏಣಿಯ ಪಕ್ಕದ ಬೆಂಚಿನ ಅಡಿಗೆ ಕಟ್ಟಿದ. ಒಂದನ್ನು ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಹಿಂದೆ, ಇನ್ನೆರಡನ್ನು ಗಾಳಿ ಬರುವ ದಿಕ್ಕಿನ ಹೂಕುಂಡಗಳ ಮರೆಯಲ್ಲಿ.

ನಾಲ್ಕೂವರೆಗೆ ನರ್ಸಮ್ಮ ಸುಮ್ಮನೆ ಇಣುಕಿ ನೋಡಲು ಬಂದವರು ಬಾಗಿಲಲ್ಲೇ ನಿಂತರು. ಮೂಗಿನ ಹೊಳ್ಳೆಗಳು ಅರಳಿದವು. ಮುಖದ ಮೇಲೆ ತವರಿಗೆ ಬಂದವಳ ಕಳೆ ಮೂಡಿತು.

"ಈಗ ಬಂತು ನೋಡು!" ಎಂದು ಕೂಗಿ ಅವರು ನೀರಿಗೆ ಇಳಿದೇ ಬಿಟ್ಟರು.

ಐದಕ್ಕೆ ಅಧ್ಯಕ್ಷರು ಬಂದಾಗ ನೀರಿನಲ್ಲಿ ಇಪ್ಪತ್ತಮೂರು ತಲೆಗಳಿದ್ದವು. ಅವುಗಳಲ್ಲೊಂದು ರಬ್ಬರಿನ ಟೋಪಿಯದು.

"ಯಂತ್ರ ಬಿಸಿಯಾಗೋಕೆ ಹೊತ್ತು ಬೇಕಿತ್ತು, ಅಷ್ಟೇ," ಎಂದು ಟೋಪಿ ಮಾವ ಬೆನ್ನ ಮೇಲೆ ತೇಲುತ್ತ ವಿವರಿಸಿದರು. "ಆದ್ರೂ ಹಳೇ ಔಷಧಿ ವಾಸನೆಗೂ ಇದಕ್ಕೂ ಎಷ್ಟು ವ್ಯತ್ಯಾಸ! ಇದು ಎಷ್ಟು ಹಿತವಾಗಿದೆ ನೋಡಿ."

"ತಾಮ್ರದ್ದು, ಹಾಗೇ ಇರುತ್ತೆ," ಎಂದರು ನರ್ಸಮ್ಮ.

ಅಧ್ಯಕ್ಷರು ಕೊಳದಣ್ಣನ ಬೆನ್ನು ತಟ್ಟಿದರು. "ಭೇಷ್! ಯಂತ್ರ ಇರಲಿ. ಆದ್ರೆ ಒಂದು ಮಾತು. ಈ ವಾಸನೆ ಯಾವತ್ತೂ ಇಷ್ಟೇ ಇರಬೇಕು. ಒಂದಿನ ಕಡಿಮೆಯಾದ್ರೂ ಯಂತ್ರ ಕೆಟ್ಟಿದೆ ಅಂತ ತಿಳ್ಕೊಂಡು ವಾಪಸ್ಸು ಕಳಿಸ್ತೀನಿ. ನಾನೇ ದಿನಾ ಬಂದು ಮೂಸ್ತೀನಿ."

ಕೊಳದಣ್ಣ ತನ್ನ ಅಂಗೈಗಳನ್ನು ನೋಡಿಕೊಂಡ. ಅಂಗಿಯ ತೋಳನ್ನು ಮೂಗಿಗೆ ತಂದ. ಹದಿನೆಂಟು ವರ್ಷವೂ ಅಲ್ಲೇ ಇತ್ತು, ಒಂದು ದಿನವೂ ಕಡಿಮೆಯಾಗದೆ.

ಆದರೂ ಸಂಜೆಯಿನ್ನೂ ಉಳಿದಿತ್ತು. ಮನೆಗೆ ಹೋದವನು ಹಿಂಬಾಗಿಲಿನಿಂದ ನೇರವಾಗಿ ಬಚ್ಚಲಿಗೆ ನುಗ್ಗಿ, ಅಂಗಿಯನ್ನು ಹೊರಗಿನ ಗೂಟಕ್ಕೆ ಎಸೆದು, ಮಗುವಿನದೇ ಸೋಪು ಹಚ್ಚಿ ಮೂರು ಸಲ ಮಿಂದ. ಉಗುರಿನ ಸಂದುಗಳನ್ನು ಬ್ರಶ್ಶಿನಿಂದ ಉಜ್ಜಿದ. ಪೆಟ್ಟಿಗೆಯ ತಳದಿಂದ ಮಡಿಕೆ ಬಿಚ್ಚದ ಹೊಸ ಅಂಗಿಯನ್ನು ತೆಗೆದು ತೊಟ್ಟ. ಹೆಂಡತಿ ಅವನ ಸುತ್ತ ಒಂದು ಸುತ್ತು ಬಂದು ಮೂಸಿ ನೋಡಿದಳು.

"ಏನೂ ಇಲ್ಲ ಕಣ್ರೀ," ಎಂದಳು, ತನಗೇ ನಂಬಿಕೆ ಬಾರದೆ. "ಯಾರೋ ಬೇರೆಯವರು ಮನೆಗೆ ಬಂದಂಗಿದೆ."

ಮಗಳು ಪ್ರಯಾಣದ ಚೀಲಗಳ ನಡುವೆ ಮಗುವನ್ನು ತೂಗುತ್ತ ನಿಂತಿದ್ದಳು. ಮಗುವಿನ ಕಣ್ಣು ನಿದ್ದೆಗೆ ವಾಲುತ್ತಿತ್ತು. "ತಗೋ ಅಪ್ಪ, ಇವತ್ತು ಗಡುವಿಲ್ಲ," ಎಂದು ನಗುತ್ತ ಅವನ ಕೈಗಿತ್ತಳು.

ಕೊಳದಣ್ಣ ಮೊಮ್ಮಗಳನ್ನು ಎದೆಗೊರಗಿಸಿಕೊಂಡ. ಮಗು ಎಂದಿನಂತೆ ಕಾಲರನ್ನು ಹಿಡಿಯಿತು. ಮೂಗನ್ನು ಅದರೊಳಗೆ ತೂರಿಸಿತು. ಮತ್ತೆ ತೂರಿಸಿತು. ತಲೆಯೆತ್ತಿ ಅವನ ಮುಖವನ್ನು ನೋಡಿತು. ಕೆಳದುಟಿ ಮೆಲ್ಲನೆ ಹೊರಚಾಚಿತು. ಆಮೇಲೆ ಎದ್ದ ಅಳು ಎಂಥದೆಂದರೆ ಪಕ್ಕದ ಮನೆಯಲ್ಲಿ ಫ್ಯೂಸು ಹಾಕುತ್ತಿದ್ದ ವೈರಿಂಗ್ ಹಿರಿಯರು ಸ್ಟೂಲಿನಿಂದ ಇಳಿದು ಓಡಿ ಬಂದರು.

"ನಾನು ಕಣೇ, ಅಜ್ಜ!" ಎಂದು ಕೊಳದಣ್ಣ ಬೇಡಿಕೊಂಡ. ಗಿಲಕಿ ಆಡಿಸಿದ, ಕಿವಿ ಕುಣಿಸಿದ, ಕಪ್ಪೆಯಂತೆ ಕೂಗಿ ತೋರಿಸಿದ. ಮಗು ಬೆನ್ನು ಬಿಲ್ಲಾಗಿಸಿ ತಾಯಿಯತ್ತ ಬಿತ್ತು. ತಾಯಿಯ ಹೆಗಲ ಮೇಲೂ ಅಳು ನಿಲ್ಲಲಿಲ್ಲ. ಬಾಗಿಲ ಕಡೆ ನೋಡುತ್ತ, ಇನ್ನೂ ಬಾರದ ಯಾರಿಗೋ ಕಾಯುತ್ತ ಅತ್ತಿತು.

ಅಜ್ಜಿಗೆ ಏನು ಹೊಳೆಯಿತೋ, ಹಿತ್ತಲಿಗೆ ಹೋಗಿ ಗೂಟದ ಮೇಲಿದ್ದ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ತಂದು, ಮುಖ ಆಚೆ ತಿರುಗಿಸಿಕೊಂಡು, ಮಗಳ ಹೆಗಲಿಗೆ ಹಾಕಿದಳು.

ಅಳು ನಡುವೆಯೇ ನಿಂತಿತು. ಮಗು ಕಾಲರನ್ನು ಹುಡುಕಿ ಹಿಡಿಯಿತು, ಮೂಗು ತೂರಿಸಿತು, ಸೀನಿತು. ಒಂದು, ಎರಡು, ಮೂರು. ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ. ನಾಲ್ಕನೆಯ ಸೀನಿಗೆ ಬದಲು ಒಂದು ನಿಟ್ಟುಸಿರು ಬಂತು. ಜೊಲ್ಲು ಅಂಗಿಯ ಮೇಲೆ ಇಳಿಯಿತು. ಮಗು ನಿದ್ದೆ ಹೋಯಿತು.

ಕೊಳದಣ್ಣ ಎರಡೂ ಕೈ ಚಾಚಿಕೊಂಡು ಒಂದು ಹೆಜ್ಜೆ ಮುಂದಿಟ್ಟ.

"ಶ್!" ಎಂದಳು ಹೆಂಡತಿ. "ಹತ್ರ ಬರಬೇಡಿ, ಎದ್ದುಬಿಡ್ತಾಳೆ. ನಿಮ್ಮ ಮೈಯಲ್ಲಿ ಏನೂ ವಾಸನೆ ಇಲ್ಲ."

"ಆ ಅಂಗೀನಾದ್ರೂ ಕೊಡು, ಹಾಕ್ಕೊಳ್ತೀನಿ."

"ಮುಷ್ಟಿಯಲ್ಲಿ ಹಿಡ್ಕೊಂಡಿದಾಳೆ ಅಪ್ಪ," ಎಂದು ಮಗಳು ಪಿಸುಗುಟ್ಟಿದಳು. "ಇದು ನಾಳೆ ನಮ್ಮ ಜೊತೆ ಬರಲಿ. ಬಸ್ಸಲ್ಲಿ ಬೇಕಾಗುತ್ತೆ."

ಹಿರಿಯರು ಇಲ್ಲಿಗೆ ನಿಲ್ಲಿಸಿದರು. ಕ್ಷೌರಿಕನ ಕತ್ತರಿ ಬಹಳ ಹೊತ್ತಿನಿಂದ ಗಾಳಿಯಲ್ಲೇ ನಿಂತಿತ್ತು; ಅರ್ಧ ತಲೆ ಕತ್ತರಿಸಿಕೊಂಡವನೂ ಅವಸರ ಮಾಡಿರಲಿಲ್ಲ.

"ಅಂಗಿ ಹೋಯ್ತಾ ಆಮೇಲೆ?" ಎಂದು ಆ ಅರ್ಧ ತಲೆಯವನೇ ಕನ್ನಡಿಯೊಳಗಿನಿಂದ ಕೇಳಿದ.

"ಹೋಯ್ತು. ಹದಿನೈದು ದಿನಕ್ಕೆ ಮಗಳು ಫೋನ್ ಮಾಡಿದ್ಲು. ವಾಸನೆ ಕಡಿಮೆಯಾಗಿದೆ, ಇನ್ನೊಂದು ಕಳಿಸು ಅಂತ. ಈಗ ಕೊಳದಣ್ಣ ನಾಲ್ಕು ಬಟ್ಟೆ ಅದ್ದೋನು ಐದು ಅದ್ದುತ್ತಾನೆ."

ಕ್ಷೌರಿಕ ಉಳಿದರ್ಧ ತಲೆಯನ್ನು ಮುಗಿಸಿ, ಹಿರಿಯರ ಗಡ್ಡವನ್ನೂ ಹೆರೆದು, ಹೊದಿಕೆಯ ಬಟ್ಟೆಯನ್ನು ಬಾಗಿಲಾಚೆ ಕೊಡವಿದ. ಉಳಿದವರು ಹೊತ್ತಾಯಿತು, ತಮ್ಮ ಸರತಿ ನಾಳೆಗಿರಲಿ ಎನ್ನುತ್ತ ಒಬ್ಬೊಬ್ಬರೇ ಬೆಂಚಿನಿಂದ ಎದ್ದು ಮನೆಯ ದಾರಿ ಹಿಡಿದರು. ಅವರಲ್ಲಿ ಇಬ್ಬರು, ತಿರುವು ದಾಟಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತಮ್ಮ ತಮ್ಮ ತೋಳುಗಳನ್ನು ಮೂಸಿ ನೋಡಿಕೊಂಡರು.