ಗಿಲೊಂಗನ ಹುಳು, ಹಮ್ದಾನನ ಹುಳು

ಬೆಳಗ್ಗೆ ಕ್ಯಾಂಟೀನಿನಲ್ಲಿ ಹಮ್ದಾನ್ ಆ ಒಂದು ಮಾತು ಆಡದಿದ್ದರೆ, ಬೊನಿಫಾಸ್ ಗಿಲೊಂಗನ ದಿನ ಎಂದಿನಂತೆ ಕಪ್ಪು ಕಾಫಿ ಕುಡಿದು, ನಾಲ್ಕು ಸಲ ಆಕಳಿಸಿ ಮುಗಿದುಹೋಗುತ್ತಿತ್ತು.

"ನನ್ನ ಹುಳ ಇವತ್ತು ಸಂಜೆ ಪ್ರಕಟ ಆಗುತ್ತೆ ಮಾರಾಯ. ನಿಂದು ಇನ್ನೂ ತೆವಳ್ತಾ ಇದೆಯಾ? ಹುಳಾನೇ ವಾಸಿ, ನಿನಗಿಂತ!"

ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಮಲೇಷ್ಯಾದ ಸಬಾ ರಾಜ್ಯದ ಆ ಮ್ಯೂಸಿಯಂನಲ್ಲಿ ಇಬ್ಬರೂ ಬಸವನಹುಳುಗಳ ಪಂಡಿತರು. ಕಿನಬತಾಂಗನ್ ಹೊಳೆಯಾಚೆಯ ಕಾಡಿನ ಸುಣ್ಣಕಲ್ಲು ಗುಡ್ಡದಲ್ಲಿ, ಬಡಗಣ ಮಗ್ಗುಲಲ್ಲಿ ಗಿಲೊಂಗನಿಗೆ ಒಂದು ಹೊಸ ಹುಳು ಸಿಕ್ಕಿತ್ತು, ತೆಂಕಣ ಮಗ್ಗುಲಲ್ಲಿ ಹಮ್ದಾನನಿಗೆ ಒಂದು. ಹೊಸ ಜೀವಿಗೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಈ ವಿದ್ಯೆಯಲ್ಲಿ ಮರ್ಯಾದೆಗೇಡು. ಹಾಗಾಗಿ ಒಳಗೊಳಗೇ ಒಪ್ಪಂದವಾಗಿತ್ತು: ಗಿಲೊಂಗ್ ತನ್ನ ಹುಳುವಿಗೆ 'ಹಮ್ದಾನಿ' ಎಂದಿಡುವುದು, ಹಮ್ದಾನ್ ತನ್ನದಕ್ಕೆ 'ಗಿಲೊಂಗಿ' ಎಂದಿಡುವುದು. ಆದರೆ ಎಲ್ಲಿ ಕದ್ದುಬಿಡುತ್ತಾನೋ ಎಂದು ಹುಳುವನ್ನು ಮಾತ್ರ ಒಬ್ಬರಿಗೊಬ್ಬರು ತೋರಿಸಿರಲಿಲ್ಲ.

ಗಿಲೊಂಗನಿಗೆ ಇದ್ದದ್ದು ಇದೊಂದೇ ಆಸೆ. ಅಣ್ಣನ ಹೆಸರಿನಲ್ಲಿ ಊರಿನಲ್ಲೊಂದು ರಸ್ತೆಯಿತ್ತು, ಭಾವಮೈದುನನ ಹೆಸರಿನಲ್ಲಿ ಮೀನಿನಂಗಡಿಯಿತ್ತು. ಇವನ ಹೆಸರಿದ್ದದ್ದು ಕರೆಂಟು ಬಿಲ್ಲಿನ ಮೇಲೆ ಮಾತ್ರ. ಇನ್ನು ಮೇಲೆ ಭೂಮಿ ಇರುವ ತನಕ 'ಗಿಲೊಂಗಿ' ಎಂಬ ಜೀವಿ ಇರುತ್ತದೆ! ನೆನೆದರೇ ಅವನ ಎದೆ ಉಬ್ಬುತ್ತಿತ್ತು. ಹೆಸರೇನೋ ಹೇಗಿದ್ದರೂ ಬರುತ್ತಿತ್ತು. ಆದರೆ ಹಮ್ದಾನನ ಹಿಂದೆ ಬೀಳುವುದೇ? ಅದೂ ಎಲ್ಲರೂ ನಕ್ಕ ಮೇಲೆ?

ಲೇಖನಕ್ಕೆ ಬಾಕಿಯಿದ್ದದ್ದು ಚಿಪ್ಪಿನ ಬಾಯಿಯ ಒಂದೇ ಒಂದು ಫೋಟೋ. ಗಿಲೊಂಗ್ ಕೋಣೆಯ ಬಾಗಿಲು ಹಾಕಿ, ಎಳ್ಳಿನಷ್ಟಿದ್ದ ಚಿಪ್ಪನ್ನು ಉಸಿರು ಬಿಗಿಹಿಡಿದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಅಷ್ಟರಲ್ಲಿ ಕ್ಯಾಂಟೀನಿನ ರುಸ್ನಾ ಚಿಕ್ಕಮ್ಮ ತಟ್ಟೆ ಹಿಡಿದುಕೊಂಡು ನುಗ್ಗಿದಳು.

"ಎಲ್ಲಪ್ಪಾ ನಿನ್ನ ಹುಳ? ನಾನೂ ಒಂಚೂರು ನೋಡ್ತೀನಿ. ಅಯ್ಯೋ, ಏನು ಸೆಖೆ ಇಲ್ಲಿ!" ಎನ್ನುತ್ತಾ ಫ್ಯಾನ್ ಹಾಕಿಯೇಬಿಟ್ಟಳು.

"ಬೇಡ ಚಿಕ್ಕಮ್ಮಾ!" ಎನ್ನುವಷ್ಟರಲ್ಲಿ ಚಿಪ್ಪು ಹಾರಿ ಅವಳ ತಟ್ಟೆಗೇ ಬಿತ್ತು. ತಟ್ಟೆಯಲ್ಲಿದ್ದದ್ದು ಏನು? ಮೈತುಂಬ ಎಳ್ಳು ಹೊದ್ದು ಕರಿದ ಉಂಡೆಗಳು. ಗಿಲೊಂಗ್ ಮೇಜಿನಡಿ ತಡಕಾಡಿ ಏಳುವುದರೊಳಗೆ ಚಿಕ್ಕಮ್ಮ ಆ ತಟ್ಟೆಯನ್ನು ನಿರ್ದೇಶಕರ ಮೀಟಿಂಗಿಗೆ ಕೊಂಡೊಯ್ದಾಗಿತ್ತು.

"ಯಾರೂ ಅಗೀಬೇಡಿ!" ಗಿಲೊಂಗ್ ಭೂತಗನ್ನಡಿ ಹಿಡಿದು ಮೀಟಿಂಗಿಗೆ ನುಗ್ಗಿದ. ನಿರ್ದೇಶಕರ ಕೈ ಬಾಯಿಯ ಹತ್ತಿರವೇ ನಿಂತಿತು. ಗಿಲೊಂಗ್ ಅವರ ಕೈಯಿಂದಲೇ ಉಂಡೆ ಕಿತ್ತು ತಿರುಗಿಸಿ ನೋಡಿದ. ಎಳ್ಳು, ಎಳ್ಳು, ಎಳ್ಳು... ಅಗೋ, ಸುರುಳಿ!

"ಗಿಲೊಂಗ್, ನಿಮಗೆ ರಜಾ ಬೇಕಾ?" ನಿರ್ದೇಶಕರು ಮೆಲ್ಲಗೆ ಕೇಳಿದರು.

"ನಾಳೆಯಿಂದ ಕೊಡಿ ಸಾರ್!" ಎಂದು ಅವನು ಓಡಿದ.

ಎಣ್ಣೆ ಒರೆಸಿ ಫೋಟೋ ತೆಗೆದ ಮರುಗಳಿಗೆಯೇ ಕರೆಂಟು ಹೋಯಿತು. ಬೆವರು ಸುರಿಸುತ್ತಾ ಮೆಟ್ಟಿಲು ಹತ್ತಿ, ಜನರೇಟರ್ ಇದ್ದ, ಮ್ಯೂಸಿಯಂ ಪತ್ರಿಕೆಯ ಸಂಪಾದಕಿ ವಿನ್ನಿ ಮೇಡಂ ಕೋಣೆಗೇ ಹೋಗಿ ನಿಂತ. ಆಕೆ ಮೀನಿನ ತಜ್ಞೆ, ಬಸವನಹುಳು ಎಂದರೆ ಆಕಳಿಸುವವಳು.

"ಹಮ್ದಾನಂದು ಐದಕ್ಕೆ ಹಾಕ್ತೀನಿ ಅಂತ ಹೇಳಿದ್ದೆ," ಎಂದಳು ಆಕೆ.

"ಹಂಗಾದ್ರೆ ನಂದು ಈಗ್ಲೇ ಹಾಕಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ!"

ನಾಲ್ಕಕ್ಕೆ ಗಿಲೊಂಗನ ಲೇಖನ ಮ್ಯೂಸಿಯಂ ಪತ್ರಿಕೆಯ ಜಾಲತಾಣದಲ್ಲಿ ಪ್ರಕಟವಾಯಿತು, ಐದಕ್ಕೆ ಹಮ್ದಾನನದು. ಗಿಲೊಂಗ್ ಕ್ಯಾಂಟೀನಿನ ಬೆಂಚು ಹತ್ತಿ ನಿಂತು ಎಲ್ಲರಿಗೂ ಕಾಫಿ ಹೇಳಿದ. ಹಮ್ದಾನನೇ ಬಂದು ತಬ್ಬಿಕೊಂಡ. "ಸೋತೆ ಮಾರಾಯ, ಒಪ್ಕೊಂಡೆ. ನೀನೇ ಫಸ್ಟು!"

ಆಗ ವಿನ್ನಿ ಮೇಡಂ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದು ಬಂದಳು. ಮುಖ ಸಪ್ಪಗಾಗಿತ್ತು.

"ತಪ್ಪಾಯ್ತು ಕಣ್ರಪ್ಪಾ. ಇಬ್ಬರ ಲೇಖನಕ್ಕೂ ಒಂದೇ ಫೋಟೋ ಹಾಕಿಬಿಟ್ಟಿದ್ದೀನಿ ಅನ್ಸುತ್ತೆ."

ಇಬ್ಬರೂ ಬಗ್ಗಿ ನೋಡಿದರು. ಫೋಟೋಗಳು ಬೇರೆಬೇರೆಯೇ. ಆದರೆ ಚಿಪ್ಪಿನ ಬಾಯಿಯೊಳಗಿನ ಹಲ್ಲು ಅದೇ, ಬೆನ್ನ ಮೇಲಿನ ಗೀರು ಅದೇ. ಗುಡ್ಡಕ್ಕೆ ಮಗ್ಗುಲು ಎರಡಾದರೂ ಹುಳು ಒಂದೇ.

ಒಂದು ಜೀವಿಗೆ ಎರಡು ಹೆಸರು ಬಿದ್ದರೆ ಮೊದಲು ಪ್ರಕಟವಾದದ್ದೇ ಉಳಿಯಬೇಕು, ಎರಡನೆಯದು ಕಸಕ್ಕೆ. ಗಿಲೊಂಗ್ ಹೊಸಬರಿಗೆಲ್ಲ ಮೊದಲು ಕಲಿಸುವ ನಿಯಮವೇ ಇದು. ಅವನು ಮೆಲ್ಲನೆ ಬೆಂಚಿನ ಮೇಲೆ ಕುಳಿತ.

"ನೀನು ಒಂದೇ ಒಂದು ಗಂಟೆ ತಡ ಮಾಡಿದ್ದಿದ್ರೆ..." ಹಮ್ದಾನ್ ಮುಂದೆ ಹೇಳಲಾರದೆ ಮೂಗು ಒರೆಸಿಕೊಂಡ. ದುಃಖವೋ ನಗುವೋ, ಆ ದೇವರಿಗೇ ಗೊತ್ತು.

ಗಿಲೊಂಗನ ಫೋನು ಬಡಿದುಕೊಂಡಿತು. ಹೆಂಡತಿ ಲಿಡ್ವಿನಾ. ಹಿಂದುಗಡೆ ನೆಂಟರ ಗಲಾಟೆ, ಗಂಗಾಳದ ಸದ್ದು.

"ಏನ್ರೀ, ಗೆದ್ರಾ? ಯಾರು ಫಸ್ಟು?"

"ನಾನೇ ಕಣೇ!" ಗಿಲೊಂಗನ ಎದೆ ತಾನಾಗಿಯೇ ಉಬ್ಬಿತು.

"ನಂಗೊತ್ತಿತ್ತು! ಬೇಗ ಬನ್ನಿ, ಊರಿಗೆ ಊರೇ ಸೇರಿದೆ. ಹುಳದ ಹೆಸರು ಬಾಗಿಲಿಗೆ ಬರೆಸ್ತಾ ಇದ್ದಾರೆ ನಿಮ್ಮಣ್ಣ. ಏನಂತ ಬರೆಯೋದು ಹೇಳಿ?"

ಗಿಲೊಂಗ್ ಫೋನನ್ನು ಹಮ್ದಾನನ ಕೈಗೆ ಕೊಟ್ಟ.

"ನೀನೇ ಹೇಳಪ್ಪಾ. ನಿನ್ನ ಹೆಸರು ತಾನೇ."